ಕೊರಳಿಗೆ ಸೀಸೆ ಕಟ್ಟಿದರೆ ಕುಡಿತ ಬಿಡುತ್ತಾರಾ?

ಹಳೆಯ ಕಾಲದ ಬಗ್ಗೆ ಓದುಗರು ಕೇಳುವ ಪ್ರಶ್ನೆಗಳಿಗೆ ವಿಜಯಪುರದ ನಿವೃತ್ತ ಇತಿಹಾಸ ಉಪನ್ಯಾಸಕಿಯೊಬ್ಬರು ಈ ಪುಟದಲ್ಲಿ ಉತ್ತರಿಸುತ್ತಾರೆ. ಪತ್ರ ಬರೆದವರ ಹೆಸರು ಹಾಕುವುದಿಲ್ಲ.

ಪ್ರಶ್ನೆ: ಅಕ್ಕಾವ್ರೆ, ನಮ್ಮೂರಲ್ಲಿ ಕುಡಿತ ವಿಪರೀತ ಆಗಿದೆ. ಸಂಜೆಯಾದರೆ ಹೆಣ್ಣುಮಕ್ಕಳು ಬಸ್ ಸ್ಟ್ಯಾಂಡ್ ಕಡೆ ಹೋಗುವ ಹಾಗಿಲ್ಲ. ಕಳೆದ ವಾರ ಗುಡಿಯಲ್ಲಿ ಸಭೆ ಸೇರಿತ್ತು. ಕುಡಿದು ಬೀದಿಗೆ ಬಂದವನಿಗೆ 500 ರೂಪಾಯಿ ದಂಡ. ಎರಡನೇ ಸಲ ಸಿಕ್ಕರೆ ಗುಡಿ ಮುಂದಿನ ಕಂಬಕ್ಕೆ ಕಟ್ಟಿ, ಕೊರಳಿಗೆ ಖಾಲಿ ಸೀಸೆಗಳ ಸರ ಹಾಕುವುದು. ಹೀಗೆ ಠರಾವು ಆಗಿದೆ. "ಹಿಂದಿನವರು ಹೀಗೆ ಮಾಡಿಯೇ ಊರನ್ನು ಹದ್ದುಬಸ್ತಿನಲ್ಲಿ ಇಟ್ಟಿದ್ದರು, ವಿಲಾಯತಿಯಲ್ಲೂ ಇದೇ ಕಾಯ್ದೆ ಇತ್ತು" ಅಂತ ಹಿರಿಯರೊಬ್ಬರು ಹೇಳಿದರು. ನಮ್ಮ ಮಹಿಳಾ ಸಂಘದಲ್ಲಿ ಅರ್ಧ ಜನ ಇದು ಬೇಕು ಅಂತಾರೆ, ಅರ್ಧ ಜನ ಬೇಡ ಅಂತಾರೆ. ನಿಜಕ್ಕೂ ಹೀಗೆ ಮಾಡಿದ್ದರಿಂದ ಹಿಂದೆ ಎಲ್ಲಾದರೂ ಕುಡಿತ ನಿಂತಿತ್ತಾ? (ಸಿಂದಗಿ ತಾಲೂಕಿನ ಓದುಗಿ)

ಉತ್ತರ: ತಂಗಿ, ನಿಮ್ಮೂರ ಹಿರಿಯರು ಹೇಳಿದ್ದರಲ್ಲಿ ಅರ್ಧ ಖರೆ. ವಿಲಾಯತಿಯಲ್ಲಿ ಅಂಥ ಕಾಯ್ದೆ ಇತ್ತು. ಅದರಿಂದ ಕುಡಿತ ನಿಂತಿತು ಅನ್ನುವುದು ಮಾತ್ರ ಖರೆ ಅಲ್ಲ.

ಇಂಗ್ಲೆಂಡಿನಲ್ಲಿ ಮೊದಲು ಕುಡಿತದ ತಕರಾರು ಚರ್ಚಿನ ನ್ಯಾಯಾಲಯಕ್ಕೆ ಹೋಗುತ್ತಿತ್ತು. 1552ರಲ್ಲಿ ಬಿಯರ್ ಮಾರುವ ಸಣ್ಣ ಅಂಗಡಿಗಳಿಗೆ ಲೈಸೆನ್ಸ್ ಕಡ್ಡಾಯವಾಯಿತು. 1606ರಲ್ಲಿ ಕುಡಿದವರ ಮೇಲೇ ನೇರವಾಗಿ ಒಂದು ಕಾಯ್ದೆ ಬಂತು. ಕುಡಿತ ಅನ್ನುವುದು ಅಸಹ್ಯವಾದ ಪಾಪ ಅಂತ ಆ ಕಾಯ್ದೆಯ ಹೆಸರಲ್ಲೇ ಬರೆದಿದ್ದರು. ಕುಡಿದು ಸಿಕ್ಕಿಬಿದ್ದವನಿಗೆ 5 ಶಿಲ್ಲಿಂಗ್ ದಂಡ. ಆ ಹಣ ಊರಿನ ಬಡವರ ನಿಧಿಗೆ. ಕೂಲಿ ಮಾಡುವವನಿಗೆ 5 ಶಿಲ್ಲಿಂಗ್ ಅಂದರೆ ಸುಮಾರು ಒಂದು ವಾರದ ದುಡಿಮೆ. ಕಟ್ಟಲು ಆಗದಿದ್ದರೆ ಆರು ತಾಸು ಕೋಳದಲ್ಲಿ ಕೂರಬೇಕು. ಕೋಳ ಅಂದರೆ ತೂತು ಕೊರೆದ ಎರಡು ಹಲಗೆ. ನಡುವೆ ಕಾಲು ಸಿಕ್ಕಿಸಿ ಬೀಗ ಹಾಕಿ, ಪೇಟೆಯ ನಡುವೆ ಎಲ್ಲರ ಕಣ್ಣಿಗೆ ಬೀಳುವ ಹಾಗೆ ಕೂರಿಸುತ್ತಿದ್ದರು. ನಿಮ್ಮೂರ ಠರಾವಿನಲ್ಲೂ ಮೊದಲು ದಂಡ, ಆಮೇಲೆ ಕಂಬ. 400 ವರ್ಷ ಆದರೂ ಮನುಷ್ಯನಿಗೆ ಹೊಳೆಯುವ ಶಿಕ್ಷೆ ಅದೇ.

ಇನ್ನೂ ಕಠಿಣವಾದವೂ ಇದ್ದವು. ನ್ಯೂಕಾಸಲ್ ಅನ್ನುವ ಪಟ್ಟಣದಲ್ಲಿ ಕುಡುಕನಿಗೆ ಮರದ ಪೀಪಾಯಿಯನ್ನೇ ಅಂಗಿಯ ಹಾಗೆ ತೊಡಿಸಿ ಬೀದಿಯಲ್ಲಿ ನಡೆಸುತ್ತಿದ್ದರು. ಪೀಪಾಯಿಯ ತಳಕ್ಕೆ ತೂತು ಮಾಡಿ ತಲೆ ಹೊರಗೆ ಬಿಡುವುದು, ಪಕ್ಕದ ತೂತುಗಳಲ್ಲಿ ಕೈ. ಇಂಗ್ಲೆಂಡಿನಿಂದ ಅಮೆರಿಕಕ್ಕೆ ಹೋಗಿ ನೆಲೆಸಿದ ಧರ್ಮನಿಷ್ಠರು 1634ರಲ್ಲಿ, ಮ್ಯಾಸಚೂಸೆಟ್ಸ್‌ನಲ್ಲಿ, ಮತ್ತೆ ಮತ್ತೆ ಕುಡಿದು ಸಿಕ್ಕ ಒಬ್ಬನಿಗೆ ಒಂದು ವರ್ಷ ಕೊರಳಿಗೆ ಕೆಂಪು ಬಟ್ಟೆಯ 'ಡಿ' ಅಕ್ಷರ ಕಟ್ಟಿಕೊಂಡು ಓಡಾಡಬೇಕು ಅಂತ ಶಿಕ್ಷೆ ಕೊಟ್ಟರು. ಅವರ ಭಾಷೆಯಲ್ಲಿ ಕುಡುಕ ಅನ್ನುವ ಶಬ್ದದ ಮೊದಲ ಅಕ್ಷರ ಅದು.

ಆ ಜನಕ್ಕೆ ಅಷ್ಟು ಸಿಟ್ಟು ಯಾಕೆ ಅಂತಲೂ ನೋಡಬೇಕು. ಸುಮ್ನೆ ಕ್ರೂರಿಗಳು ಅಂತ ತಳ್ಳಿಬಿಡುವ ಹಾಗಿಲ್ಲ. ಆಗ ಊರುಗಳಲ್ಲಿ ಜನ ಹೆಚ್ಚಾಗಿದ್ದರು, ಕಾಳಿನ ಬೆಲೆ ಏರಿತ್ತು. ರೊಟ್ಟಿಗೆ ಬೇಕಾದ ಜವೆ ಬಿಯರಿಗೆ ಹೋಗುತ್ತಿತ್ತು. ಭಾನುವಾರ ಪ್ರವಚನದ ಹೊತ್ತಿಗೆ ಚರ್ಚು ಖಾಲಿ, ಅಂಗಡಿ ಭರ್ತಿ. ಗಂಡ ಕೂಲಿಯನ್ನು ಅಲ್ಲೇ ಮುಗಿಸಿ ಬಂದರೆ ಮನೆಯ ಒಲೆ ಉರಿಯುತ್ತಿರಲಿಲ್ಲ. ನಿಮ್ಮ ಸಂಘದ ಹೆಣ್ಣುಮಕ್ಕಳಿಗೆ ಈಗ ಬಂದಿರುವ ಸಿಟ್ಟೇ ಅದು. ಆ ಸಿಟ್ಟು ತಪ್ಪು ಅಂತ ನಾನು ಯಾವತ್ತೂ ಹೇಳುವುದಿಲ್ಲ. ಇನ್ನೊಂದು ಮಾತು. ಆ ಬಿಯರ್ ಅಂಗಡಿ ನಡೆಸುವವರಲ್ಲಿ ಬಡ ವಿಧವೆಯರೂ ಇದ್ದರು. ಬೇರೆ ದುಡಿಮೆ ಇಲ್ಲ, ಊರಿನ ಮೇಲೆ ಭಾರ ಆಗಬಾರದು ಅಂತ ಅವರಿಗೆ ಲೈಸೆನ್ಸ್ ಕೊಡುತ್ತಿದ್ದರು. ಅಂಗಡಿ ಮುಚ್ಚಿಸಿದರೆ ಆ ಹೆಂಗಸಿನ ಒಲೆಯೂ ಆರುತ್ತಿತ್ತು.

ಕಾಯ್ದೆ ಬಂದ ಮೇಲೆ ಹಿಡಿಯುವ ಕೆಲಸ ಯಾರದ್ದು? ಊರಿನ ಕಾನ್‌ಸ್ಟೇಬಲ್‌ನದ್ದು. ಅವನು ಈಗಿನ ಪೊಲೀಸರ ಹಾಗೆ ಸಂಬಳದ ನೌಕರ ಅಲ್ಲ. ಒಂದು ವರ್ಷದ ಪಾಳಿ ಬಂದ ಅದೇ ಊರಿನ ರೈತನೋ ಬಡಿಗನೋ ಆಗಿರುತ್ತಿದ್ದ. ಮುಂದಿನ ವರ್ಷ ಪಾಳಿ ಪಕ್ಕದ ಮನೆಯವನದ್ದು. ಹಾಗಾಗಿ ನೆರೆಯವನನ್ನು ಹಿಡಿದುಕೊಡಲು ಮನಸ್ಸು ಬರುತ್ತಿರಲಿಲ್ಲ. ಸಿಕ್ಕಿಬೀಳುತ್ತಿದ್ದವರು ಯಾರ ಬೆಂಬಲವೂ ಇಲ್ಲದವರು, ಬಡವರು, ಪರಊರಿನವರು.

ಇನ್ನು ದೊಡ್ಡವರ ಮನೆಯಲ್ಲಿ ಏನಾಗುತ್ತಿತ್ತು? ಅದೇ 1606ರ ಬೇಸಿಗೆಯಲ್ಲಿ ಡೆನ್ಮಾರ್ಕಿನ ರಾಜ ಇಂಗ್ಲೆಂಡಿಗೆ ಬೀಗತನಕ್ಕೆ ಬಂದಿದ್ದ. ಅವನು ರಾಣಿಯ ತಮ್ಮ. ಅವನಿಗೂ ಇಂಗ್ಲೆಂಡಿನ ರಾಜ ಜೇಮ್ಸ್‌ಗೂ ಮಂತ್ರಿ ರಾಬರ್ಟ್ ಸೆಸಿಲ್ ತನ್ನ ಮನೆಯಲ್ಲಿ ಔತಣ ಇಟ್ಟಿದ್ದ. ಆಸ್ಥಾನದ ಜಾನ್ ಹ್ಯಾರಿಂಗ್ಟನ್ ಅನ್ನುವವನು ಆ ರಾತ್ರಿಯ ಬಗ್ಗೆ ಬರೆದ ಕಾಗದ ಉಳಿದಿದೆ. ನಾಟಕದಲ್ಲಿ ರಾಣಿಯ ವೇಷ ಹಾಕಿದ ಹೆಂಗಸು ಮೆಟ್ಟಿಲು ಎಡವಿ, ಕಾಣಿಕೆಯ ತಟ್ಟೆಯನ್ನೆಲ್ಲ ಡೆನ್ಮಾರ್ಕಿನ ರಾಜನ ಮೈಮೇಲೆ ಚೆಲ್ಲಿದಳು. ಅವನು ಎದ್ದು ಅವಳ ಜೊತೆ ಕುಣಿಯಲು ಹೋಗಿ ತಾನೇ ಬಿದ್ದ. ಅವನನ್ನು ಎತ್ತಿಕೊಂಡು ಹೋಗಿ ಮಲಗಿಸಿದರು. ಆ ರಾತ್ರಿಯ ಸಲುವಾಗಿ ಯಾರನ್ನೂ ಕೋಳದಲ್ಲಿ ಕೂರಿಸಲಿಲ್ಲ. 1698ರಲ್ಲಿ ಡೇನಿಯಲ್ ಡಿಫೋ ಅನ್ನುವ ಲೇಖಕ ಇದನ್ನೇ ಎತ್ತಿ ಹೇಳಿದ. ಈ ಕಾಯ್ದೆಗಳು ಜೇಡರ ಬಲೆ ಇದ್ದ ಹಾಗೆ, ಸಣ್ಣ ನೊಣ ಸಿಕ್ಕಿಬೀಳುತ್ತದೆ, ದೊಡ್ಡದು ಹರಿದುಕೊಂಡು ಹೋಗುತ್ತದೆ ಅಂತ.

ತಂಗಿ, ಇದೆಲ್ಲ ಪುಸ್ತಕ ಓದಿ ಹೇಳುತ್ತಿರುವುದು. ನಿಮ್ಮ ಪತ್ರದಲ್ಲಿ ಸೀಸೆಯ ಸರ ಅನ್ನುವ ಮಾತು ಕಂಡಾಗ ಮಾತ್ರ ನನ್ನ ಕೈ ನಿಂತಿತು. ಅಂಥ ಸರವನ್ನು ನಾನು ಕಣ್ಣಾರೆ ಕಂಡಿದ್ದೇನೆ.

ನಮ್ಮದು ಡೋಣಿ ಹೊಳೆಯ ದಂಡೆಯ ಹಳ್ಳಿ. 1964ರಲ್ಲಿ ನಾನು ನಾಲ್ಕನೇ ಇಯತ್ತೆ. ಆಗ ನಮ್ಮ ಕಡೆ ದಾರೂಬಂದಿ ಇತ್ತು. ಮುಂಬೈ ಪ್ರಾಂತದ 1949ರ ಕಾಯ್ದೆಯಿಂದ ಬಂದದ್ದು ಅದು, ರಾಜ್ಯ ಒಂದಾದ ಮೇಲೂ ನಮ್ಮ ಜಿಲ್ಲೆಗಳಲ್ಲಿ ಮುಂದುವರಿದಿತ್ತು. ದಾರೂಬಂದಿ ಇದ್ದರೂ ಹಳ್ಳದ ಜಾಲಿಕಂಟಿಯ ಹಿಂದೆ ಕಳ್ಳಭಟ್ಟಿ ನಡೆಯುತ್ತಿತ್ತು. ಯಾರ ಹೊಲದಲ್ಲಿ ಅಂತ ಊರಿಗೆಲ್ಲ ಗೊತ್ತು. ನಮ್ಮ ಕಾಕಾ, ಅಪ್ಪನ ಕಿರಿಯ ತಮ್ಮ, ಅಲ್ಲಿಗೆ ಹೋಗುತ್ತಿದ್ದರು. ಒಳ್ಳೆಯ ಬಿತ್ತನೆಗಾರ. ಕೂರಿಗೆ ಹಿಡಿದರೆ ಸಾಲು ಗೆರೆ ಎಳೆದ ಹಾಗೆ ಬರುತ್ತಿತ್ತು. ಕುಡಿದರೆ ಮಾತ್ರ ಹಾದಿಯಲ್ಲಿ ನಿಂತು ಕೂಗಾಡುತ್ತಿದ್ದರು.

ಒಂದು ದಿನ ಜಾತ್ರೆಯ ತೇರಿನ ಮುಂದೆ ಹಾಗೆ ಕೂಗಾಡಿ ಬಿದ್ದರು. ಮರುದಿನ ಪಂಚರು ಸೇರಿ, ಅವರನ್ನು ಹನುಮಪ್ಪನ ಗುಡಿ ಕಟ್ಟೆಯ ಮುಂದೆ ನಿಲ್ಲಿಸಿದರು. ಸೆಣಬಿನ ಹುರಿಗೆ ಐದಾರು ಸೀಸೆ ಪೋಣಿಸಿ ಕೊರಳಿಗೆ ಹಾಕಿದ್ದರು. ಬೆಳಿಗ್ಗೆಯಿಂದ ಮಧ್ಯಾಹ್ನ ಸಾಲಿ ಬಿಡುವ ತನಕ. ಕಾಕಾ ಉಸಿರಾಡಿದರೂ ಸೀಸೆ ಒಂದಕ್ಕೊಂದು ತಾಗಿ ಟಿಣ್ ಅನ್ನುತ್ತಿತ್ತು. ಸಾಲಿ ಬಿಟ್ಟ ಮೇಲೆ ನಾವು ಮಕ್ಕಳೆಲ್ಲ ಅಲ್ಲಿಗೆ ಓಡಿದೆವು. ಯಾರೋ ಒಬ್ಬ ಹುಡುಗ ಒಂದು ಹರಳು ಒಗೆದ. ಸೀಸೆಗೆ ಬಡಿಯಿತು. ಎಲ್ಲರೂ ನಕ್ಕರು. ನಾನೂ ಒಂದು ಹರಳು ಒಗೆದೆ. ಕಾಕಾ ತಲೆ ಎತ್ತಿ ನನ್ನನ್ನು ನೋಡಿದರು. ಏನೂ ಅನ್ನಲಿಲ್ಲ.

ಭಟ್ಟಿ ಇದ್ದ ಹೊಲದ ಯಜಮಾನರು ಅವತ್ತು ಪಂಚರ ಜೊತೆ ಅದೇ ಕಟ್ಟೆಯ ಮೇಲೆ ಕೂತಿದ್ದರು.

ಕಾಕಾ ಕುಡಿಯುವುದನ್ನು ಬಿಡಲಿಲ್ಲ. ಬೀದಿಯಲ್ಲಿ ಕುಡಿಯುವುದನ್ನು ಬಿಟ್ಟರು. ಸೀಸೆ ಮನೆಗೆ ಬಂತು. ಮೊದಲು ಬೀದಿಯವರು ನೋಡುತ್ತಿದ್ದ ಕೂಗಾಟವನ್ನು ಆಮೇಲೆ ನಮ್ಮ ಚಿಗವ್ವ ಒಬ್ಬರೇ ಬಾಗಿಲು ಹಾಕಿಕೊಂಡು ತಡೆದುಕೊಳ್ಳಬೇಕಾಯಿತು. ಇನ್ನೊಂದು ನಷ್ಟವೂ ಆಯಿತು. ಅದನ್ನು ನೆನೆದರೆ ಈಗಲೂ ಸಂಕಟ ಆಗುತ್ತದೆ. ಕಾಕಾ ಹನುಮಪ್ಪನ ಗುಡಿಯ ಶನಿವಾರದ ಭಜನೆಯಲ್ಲಿ ತಾಳ ಬಾರಿಸುತ್ತಿದ್ದರು. ಶನಿವಾರ ಮುಟ್ಟುತ್ತಿರಲಿಲ್ಲ. ಮೈ ತೊಳೆದು, ಬಿಳಿ ಅಂಗಿ ಹಾಕಿ ಹೋಗುತ್ತಿದ್ದರು. ವಾರದಲ್ಲಿ ಚಿಗವ್ವ ನಿರಾಳವಾಗಿ ರೊಟ್ಟಿ ಬಡಿಯುತ್ತಿದ್ದ ರಾತ್ರಿ ಅದೊಂದೇ. ಆ ಕಟ್ಟೆಯ ಮುಂದೆ ನಿಂತು ಬಂದ ಮೇಲೆ ಕಾಕಾ ಮತ್ತೆ ಆ ಗುಡಿಯ ಮೆಟ್ಟಿಲು ಹತ್ತಲಿಲ್ಲ. ಕುಡಿಯದೆ ಇರಲು ಅವರಿಗೆ ಇದ್ದ ಒಂದೇ ರಾತ್ರಿಯನ್ನು ಊರೇ ಕಿತ್ತುಕೊಂಡಿತು.

ಅದಕ್ಕೇ ಹೇಳುತ್ತೇನೆ, ನಿಮ್ಮ ಸಂಘದಲ್ಲಿ ಬೇಡ ಅನ್ನುವ ಅರ್ಧ ಜನರ ಜೊತೆ ನಾನಿದ್ದೇನೆ. ಮನುಷ್ಯನನ್ನು ಕಂಬಕ್ಕೆ ಕಟ್ಟುವುದು ಈಗಿನ ಕಾನೂನಿನಲ್ಲಿ ಅಪರಾಧ, ಕಟ್ಟಿದವರ ಮೇಲೇ ಕೇಸು ಬೀಳುತ್ತದೆ. 500 ರೂಪಾಯಿ ದಂಡವೂ ಬೇಡ. ಆ ಹಣ ಅವನ ಕಿಸೆಯಿಂದ ಬರುವುದಿಲ್ಲ, ನಿಮ್ಮ ಸಂಘದ ಉಳಿತಾಯದ ಡಬ್ಬಿಯಿಂದ ಬರುತ್ತದೆ. ಹೆಂಡತಿಯೇ ತಂದು ಕಟ್ಟುತ್ತಾಳೆ. ಹಾಗಂತ ಕೈಕಟ್ಟಿ ಕೂರಿ ಅಂತಲ್ಲ. ಬಸ್ ಸ್ಟ್ಯಾಂಡಿನಲ್ಲಿ ಹೆಣ್ಣುಮಕ್ಕಳನ್ನು ಕಾಡುವವನ ಮೇಲೆ ಪೊಲೀಸರಿಗೆ ದೂರು ಕೊಡಿ, ಅದಕ್ಕೆ ಠರಾವು ಬೇಕಿಲ್ಲ. ಮಿಕ್ಕಿದ್ದನ್ನು ಕೊನೆಯ ಪ್ರಶ್ನೆಯಲ್ಲಿ ಹೇಳಿದ್ದೇನೆ, ಓದಿ.

ಪ್ರಶ್ನೆ: ಟೀಚರ್, ಆದಿಲ್‌ಶಾಹಿ ಕಾಲದಲ್ಲಿ ನಮ್ಮ ವಿಜಯಪುರದಲ್ಲಿ ಮದ್ಯ ಪೂರ್ತಿ ಬಂದ್ ಇತ್ತು, ಯಾಕೆಂದರೆ ಅದು ಮುಸ್ಲಿಂ ರಾಜ್ಯ ಅಂತ ಗೆಳೆಯನೊಬ್ಬ ವಾದ ಮಾಡುತ್ತಾನೆ. ಹೌದಾ? (ಪದವಿ ವಿದ್ಯಾರ್ಥಿ, ವಿಜಯಪುರ)

ಉತ್ತರ: ತಮ್ಮಾ, ಇಸ್ಲಾಂ ಧರ್ಮ ಮದ್ಯವನ್ನು ನಿಷೇಧಿಸುತ್ತದೆ, ಅದು ಸರಿ. ಆದರೆ ಊರಿನ ಪೇಟೆ ಹೇಗಿತ್ತು ಅನ್ನುವುದು ಬೇರೆ ವಿಷಯ. 1604ರಲ್ಲಿ ಅಕ್ಬರನ ಕಡೆಯಿಂದ ಅಸದ್ ಬೇಗ್ ಅನ್ನುವ ಅಧಿಕಾರಿ ಇಲ್ಲಿಗೆ ಬಂದಿದ್ದ. ಆಗ ಇಲ್ಲಿ ಎರಡನೇ ಇಬ್ರಾಹಿಂ ಆದಿಲ್‌ಶಾಹ ಆಳುತ್ತಿದ್ದ. ಅಸದ್ ಬೇಗ್ ನಮ್ಮ ಪೇಟೆಯನ್ನು ನೋಡಿ ಬೆರಗಾಗಿ ಬರೆದಿದ್ದಾನೆ. ಎರಡು ಕೋಸು ಉದ್ದ, ಮೂವತ್ತು ಗಜ ಅಗಲ, ಪ್ರತಿ ಅಂಗಡಿಯ ಮುಂದೆ ಒಂದು ಹಸಿರು ಮರ, ಕಸವೇ ಇಲ್ಲ. ಆ ಸಾಲಿನಲ್ಲಿ ಆಭರಣದ ಅಂಗಡಿ, ಅತ್ತರಿನ ಅಂಗಡಿ, ಮದ್ಯದ ಅಂಗಡಿ ಎಲ್ಲವೂ ಇದ್ದವು. ಜನ ಗುಂಪು ಗುಂಪಾಗಿ ಕುಡಿಯುತ್ತಾ ಹಾಡುತ್ತಾ ಇದ್ದರಂತೆ, ಆದರೆ ಯಾರೂ ಯಾರ ಜೊತೆಗೂ ಜಗಳ ಆಡುತ್ತಿರಲಿಲ್ಲವಂತೆ. ಹೊರಗಿನಿಂದ ಬಂದ ಅತಿಥಿಯ ಕಣ್ಣಿಗೆ ಕಂಡದ್ದು ಇದು. ಕುಡಿದವರ ಮನೆಯೊಳಗೆ ಅವನು ಹೋಗಿ ನೋಡಿರಲಿಲ್ಲ, ಅದನ್ನೂ ನೆನಪಿಡು. ಹೊಗೆಸೊಪ್ಪನ್ನೂ ಅವನು ಮೊದಲು ನೋಡಿದ್ದು ನಮ್ಮ ಊರಿನಲ್ಲೇ. ಇಲ್ಲಿಂದ ಒಯ್ದು ಅಕ್ಬರನಿಗೆ ತೋರಿಸಿದ.

ಅವನು ಬಂದ ಕೆಲಸ ಇನ್ನೂ ಮುಖ್ಯ. ಇಬ್ರಾಹಿಂನ ಮಗಳನ್ನು ಅಕ್ಬರನ ಮಗ ದಾನಿಯಾಲನಿಗೆ ಕೊಡುವ ಮಾತಾಗಿತ್ತು. ಹುಡುಗಿಯನ್ನು ಕರೆದೊಯ್ಯಲು ಅಸದ್ ಬೇಗ್ ಬಂದಿದ್ದ. ಮದುವೆ 1604ರಲ್ಲಿ ಆಯಿತು. ಮರುವರ್ಷ, 1605ರಲ್ಲಿ, ಬುರ್ಹಾನ್‌ಪುರದಲ್ಲಿ ದಾನಿಯಾಲ ಸತ್ತ. ವಯಸ್ಸು 32. ಕಾರಣ ಕುಡಿತ.

ಹೇಗೆ ಸತ್ತ ಅನ್ನುವುದನ್ನು ಅವನ ಅಣ್ಣ ಜಹಾಂಗೀರನೇ ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ. ಅವರ ಇನ್ನೊಬ್ಬ ತಮ್ಮ ಮುರಾದ್ 1599ರಲ್ಲೇ ಕುಡಿತದಿಂದ ಸತ್ತಿದ್ದ. ಹಾಗಾಗಿ ಅಕ್ಬರ ದಾನಿಯಾಲನ ಸುತ್ತ ಕಾವಲು ಇಡಿಸಿದ. ಹನಿ ಮದ್ಯವೂ ಒಳಗೆ ಹೋಗಬಾರದು ಅಂತ ಕಟ್ಟಪ್ಪಣೆ. ದಾನಿಯಾಲ ಸೇವಕರ ಮುಂದೆ ಅತ್ತು, ಗೋಗರೆದು, ಹೇಗಾದರೂ ತಂದುಕೊಡಿ ಅಂದ. ಅವನಿಗೆ ಬಹಳ ಪ್ರೀತಿಯ ಒಂದು ಬೇಟೆಯ ಬಂದೂಕು ಇತ್ತು. ಅದಕ್ಕೆ 'ಜನಾಜ', ಅಂದರೆ ಹೆಣದ ಚಟ್ಟ, ಅನ್ನುವ ಶಬ್ದ ಬರುವ ಹೆಸರನ್ನು ಅವನೇ ಇಟ್ಟಿದ್ದ. ಇದರ ಗುಂಡು ತಗುಲಿದವನಿಗೆ ಚಟ್ಟವೇ ಗತಿ ಅನ್ನುವ ಅರ್ಥದಲ್ಲಿ. ಸೇವಕ ಆ ಬಂದೂಕಿನ ನಳಿಗೆಯಲ್ಲೇ ಸಾರಾಯಿ ತುಂಬಿಕೊಂಡು ಕಾವಲು ದಾಟಿ ಒಳಗೆ ಬಂದ. ನಳಿಗೆಯೊಳಗೆ ತುಕ್ಕು, ಹಳೆಯ ಮದ್ದಿನ ಕರಿ. ಕಟುವಾದ ಸಾರಾಯಿಗೆ ಅದೆಲ್ಲ ಕರಗಿ ಬೆರೆಯಿತು. ಅದನ್ನು ಕುಡಿದ ದಾನಿಯಾಲ ಮೇಲೇಳಲಿಲ್ಲ. ನಮ್ಮ ಊರಿನಿಂದ ಹೋದ ಆ ಹುಡುಗಿ ಮದುವೆಯಾದ ಮರುವರ್ಷವೇ ವಿಧವೆ.

ಪಾಠ ಮಾಡುವಾಗ ಈ ಕಥೆ ಹೇಳಿದರೆ ಹುಡುಗರು ನಗುತ್ತಿದ್ದರು. ಆ ಹುಡುಗಿಯ ವಿಷಯ ಹೇಳಿದ ಕೂಡಲೇ ಸುಮ್ಮನಾಗುತ್ತಿದ್ದರು.

ಅದೇ ವರ್ಷ ಪಟ್ಟಕ್ಕೆ ಬಂದ ಜಹಾಂಗೀರ ರಾಜ್ಯದಲ್ಲೆಲ್ಲ ಮದ್ಯ ತಯಾರಿಸುವುದನ್ನು, ಮಾರುವುದನ್ನು ನಿಷೇಧಿಸಿದ. ಅದೇ ಉಸಿರಿನಲ್ಲಿ, ತಾನು 18ನೇ ವಯಸ್ಸಿನಿಂದ ಕುಡಿಯುತ್ತಿದ್ದೇನೆ ಅಂತಲೂ ಬರೆದುಕೊಂಡಿದ್ದಾನೆ. ಒಂದು ಕಾಲಕ್ಕೆ ದಿನಕ್ಕೆ 20 ಬಟ್ಟಲು, ಅದೂ ಎರಡೆರಡು ಸಲ ಬಟ್ಟಿ ಇಳಿಸಿದ ಸಾರಾಯಿ. ಕೈ ನಡುಗಿ ಬಟ್ಟಲು ಹಿಡಿಯಲು ಆಗದೆ, ಬೇರೆಯವರು ಕುಡಿಸಬೇಕಾಗುತ್ತಿತ್ತು. ವೈದ್ಯ ಹಕೀಮ್ ಹುಮಾಮ್, ಹೀಗೇ ಆದರೆ ಆರು ತಿಂಗಳಲ್ಲಿ ಕೈಮೀರುತ್ತದೆ ಅಂತ ಮುಖಕ್ಕೆ ಹೇಳಿದ ಮೇಲೆ ಕಡಿಮೆ ಮಾಡುತ್ತಾ ಬಂದ. 20ರಿಂದ 6 ಬಟ್ಟಲಿಗೆ ಇಳಿಯಲು ಏಳು ವರ್ಷ ಹಿಡಿಯಿತು. ಬಾದಶಹನಿಗೆ ಏಳು ವರ್ಷ, ಮತ್ತು ಪಕ್ಕದಲ್ಲಿ ಹಕೀಮ. ನಮ್ಮೂರ ಬಡವನಿಗೆ ನಾವು ಒಂದು ಸಂಜೆಯ ಗಡುವು ಕೊಡುತ್ತೇವೆ, ಅಲ್ವಾ?

ಪ್ರಶ್ನೆ: 'ಅಬಕಾರಿ', 'ದಾರೂ' ಇವು ಎಲ್ಲಿಯ ಶಬ್ದಗಳು? (ರಾಮದುರ್ಗದ ಓದುಗರು)

ಉತ್ತರ: ಎರಡೂ ಫಾರ್ಸಿ. ಆಬ್ ಅಂದರೆ ನೀರು, ಕಾರ್ ಅಂದರೆ ಕೆಲಸ. 'ಆಬ್‌ಕಾರಿ' ಮದ್ಯದ ಬಟ್ಟಿಗೂ ಅದರ ಮೇಲಿನ ತೆರಿಗೆಗೂ ನಿಂತಿತು. ಬ್ರಿಟಿಷರು ಹೆಸರನ್ನು ಹಾಗೇ ಇಟ್ಟುಕೊಂಡರು. ನಮ್ಮ ಕಡೆ ಮುಂಬೈ ಪ್ರಾಂತದ ಅಬಕಾರಿ ಕಾಯ್ದೆ 1878ರಲ್ಲಿ ಬಂತು. ಕುಡಿತವನ್ನು ಅವರು ತರಲಿಲ್ಲ. ಶಿಂದಿ, ಹೆಂಡ ಇಲ್ಲಿ ಮೊದಲೇ ಇದ್ದವು. 12ನೇ ಶತಮಾನದ ಶರಣರಲ್ಲೇ ಹೆಂಡದ ಮಾರಯ್ಯ ಇದ್ದಾನಲ್ಲ! ಬ್ರಿಟಿಷರು ಮಾಡಿದ್ದು ಏನೆಂದರೆ, ಅದನ್ನು ಸರಕಾರದ ದೊಡ್ಡ ಆದಾಯ ಮಾಡಿಕೊಂಡದ್ದು. ಇನ್ನು 'ದಾರೂ' ಅಂದರೆ ಫಾರ್ಸಿಯಲ್ಲಿ ಔಷಧಿ. ಅಕ್ಬರ ಅರಮನೆಯ ಹತ್ತಿರ ಔಷಧಿಗೆ ಅಂತ ಒಂದು ಮದ್ಯದ ಅಂಗಡಿ ಇಡಿಸಿದ್ದ. ಕೊಳ್ಳುವವನ ಹೆಸರು, ಅಪ್ಪನ ಹೆಸರು, ಅಜ್ಜನ ಹೆಸರು ಬರೆದುಕೊಂಡು ಕೊಡಬೇಕು ಅಂತ ನಿಯಮ. ಅದೇ ಕಾಲದ ಇತಿಹಾಸಕಾರ ಬದಾಯೂನಿ ಹೇಳುವಂತೆ, ಸುಳ್ಳು ಹೆಸರು ಬರೆಸಿ ಒಯ್ಯುತ್ತಿದ್ದರು.

ಪ್ರಶ್ನೆ: ನಮ್ಮ ಚರ್ಚಿನಲ್ಲಿ ಪ್ರಭುಭೋಜನಕ್ಕೆ ದ್ರಾಕ್ಷಾರಸ ಇರುತ್ತದೆ. ಆದರೆ ಪಾದ್ರಿಗಳು ಕುಡಿತ ಬಿಡಿ ಅಂತ ಬೋಧಿಸುತ್ತಾರೆ. ಹಳೆಯ ಕಾಲದ ಯುರೋಪಿನ ಧರ್ಮಗುರುಗಳು ಇದನ್ನು ಹೇಗೆ ಹೊಂದಿಸಿಕೊಂಡಿದ್ದರು? (ಬೆಳಗಾವಿಯ ಓದುಗರು)

ಉತ್ತರ: ಅವರಲ್ಲಿ ಬಹಳ ಜನ ಮದ್ಯವನ್ನೇ ಕೆಟ್ಟದ್ದು ಅನ್ನಲಿಲ್ಲ. ಅಮಲಾಗುವುದು ಪಾಪ ಅಂದರು. ಬಾಸ್ಟನ್ನಿನ ಪಾದ್ರಿ ಇನ್‌ಕ್ರೀಸ್ ಮ್ಯಾದರ್ 1673ರಲ್ಲಿ, ದ್ರಾಕ್ಷಾರಸ ದೇವರಿಂದ ಬಂದದ್ದು, ಕುಡುಕ ಸೈತಾನನ ಕಡೆಯವನು ಅಂತ ಬೋಧಿಸಿದ. ಜರ್ಮನಿಯಲ್ಲಿ ಧರ್ಮಸುಧಾರಕ ಮಾರ್ಟಿನ್ ಲೂಥರ್, ಪ್ರತಿ ದೇಶಕ್ಕೂ ಒಂದೊಂದು ದೆವ್ವ ಇರುತ್ತದೆ, ನಮ್ಮ ಜರ್ಮನಿಯ ದೆವ್ವದ ಹೆಸರು ಕುಡಿತ ಅಂತ ಬರೆದ. ಅವನ ಮನೆಯಲ್ಲಿ ಹೆಂಡತಿ ಕ್ಯಾಥರೀನಾ ಬಿಯರ್ ಕಾಸುತ್ತಿದ್ದಳು, ಅವನು ಅದನ್ನು ಸಂತೋಷದಿಂದ ಕುಡಿಯುತ್ತಿದ್ದ. ಅವನಿಗೆ ಇದರಲ್ಲಿ ವಿರೋಧ ಕಾಣಲಿಲ್ಲ. ಊಟದ ಜೊತೆಯ ಬಿಯರ್ ಬೇರೆ, ಬಿದ್ದು ಹೊರಳಾಡುವುದು ಬೇರೆ. ಆ ಗೆರೆ ಎಲ್ಲಿದೆ ಅಂತ ಹೇಳುವುದೇ ಕಷ್ಟ. ಆ ಕಾಲದ ಬೋಧಕರಿಗೂ ಅದು ಬಗೆಹರಿಯಲಿಲ್ಲ.

ನನಗೆ ಮೆಚ್ಚಿಕೆಯಾದದ್ದು ಅವರ ಇನ್ನೊಂದು ಕಾಳಜಿ. ಜರ್ಮನಿಯಲ್ಲಿ ಒಬ್ಬ ಬಟ್ಟಲು ಎತ್ತಿ ಇನ್ನೊಬ್ಬನ ಹೆಸರು ಹೇಳಿ ಕುಡಿದರೆ, ಅವನೂ ಅಷ್ಟೇ ಕುಡಿಯಬೇಕಿತ್ತು. ಒಲ್ಲೆ ಅಂದರೆ ಅವಮಾನ, ಕತ್ತಿ ಹಿರಿಯುವ ತನಕ ಹೋಗುತ್ತಿತ್ತು. 1530, 1548, 1577ರ ಸಾಮ್ರಾಜ್ಯದ ಕಟ್ಟಳೆಗಳು ಈ ಒತ್ತಾಯದ ಕುಡಿತವನ್ನು ಮತ್ತೆ ಮತ್ತೆ ನಿಷೇಧಿಸಿದವು. ಮೂರು ಸಲ ಹೇಳಬೇಕಾಯಿತು ಅಂದರೆ ಯಾರೂ ಕೇಳಲಿಲ್ಲ ಅಂತಲೇ ಅರ್ಥ. ಆದರೂ ಹಿಡಿದದ್ದು ಸರಿಯಾದ ಎಳೆ. ನಮ್ಮ ಮದುವೆಗಳಲ್ಲಿ, ಧಾಬಾಗಳಲ್ಲಿ "ನಮ್ಮ ಸಲುವಾಗಿ ಒಂದು ತಗೋ, ದೋಸ್ತಿ ಇಲ್ಲೇನು?" ಅಂತ ಹುಡುಗರ ಬಾಯಿಗೆ ಇಡುವವರು ಇದ್ದಾರಲ್ಲ! ಮೊದಲ ಗುಟುಕು ಹೆಚ್ಚಾಗಿ ಹಾಗೇ ಬರುತ್ತದೆ.

ಜಿನೀವಾದಲ್ಲಿ ಕ್ಯಾಲ್ವಿನ್ ಅನ್ನುವ ಇನ್ನೊಬ್ಬ ಧರ್ಮಸುಧಾರಕನ ಕಾಲದಲ್ಲಿ, 1546ರಲ್ಲಿ, ಹೆಂಡದಂಗಡಿಗಳನ್ನೆಲ್ಲ ಮುಚ್ಚಿ, ಬದಲಿಗೆ ಪಟ್ಟಣದ ಆಡಳಿತವೇ ಊಟದ ಮನೆಗಳನ್ನು ತೆರೆಯಿತು. ಅಲ್ಲಿ ಬೈಬಲ್ ಇಟ್ಟಿರುತ್ತಿದ್ದರು. ಊಟಕ್ಕೆ ಮೊದಲು ಪ್ರಾರ್ಥನೆ ಮಾಡದವನಿಗೆ ಬಡಿಸುವ ಹಾಗಿಲ್ಲ. ಕೆಲವೇ ತಿಂಗಳಲ್ಲಿ ಆ ಮನೆಗಳು ಮುಚ್ಚಿದವು, ಹಳೆಯ ಅಂಗಡಿಗಳು ತೆರೆದವು. ಜನರಿಗೆ ಕೂತು ಮಾತಾಡಲು ಜಾಗ ಬೇಕಿತ್ತು. ಆಡಳಿತ ಜಾಗವನ್ನೇನೋ ಕೊಟ್ಟಿತು, ಜೊತೆಗೆ ಕಾವಲು ಕಣ್ಣನ್ನೂ ಇಟ್ಟಿತು.

ಪ್ರಶ್ನೆ: ಬೈದರೂ ಆಗಲ್ಲ, ಬಂದ್ ಮಾಡಿದರೂ ಆಗಲ್ಲ ಅಂದರೆ ಏನು ಮಾಡಿದರೆ ಆಗುತ್ತದೆ? ಇತಿಹಾಸದಲ್ಲಿ ಒಂದಾದರೂ ಉದಾಹರಣೆ ಇದೆಯಾ? (ಹುನಗುಂದ ತಾಲೂಕಿನ ಓದುಗರು)

ಉತ್ತರ: ಇದೆ. ಕುಡಿಯುವವನನ್ನು ಬಿಟ್ಟು ಮಾರುವವನ ಹಾದಿ ಹಿಡಿದಾಗ ಸ್ವಲ್ಪ ಫಲ ಸಿಕ್ಕಿದೆ. ಲಂಡನ್ನಿನಲ್ಲಿ 18ನೇ ಶತಮಾನದ ಮೊದಲರ್ಧದಲ್ಲಿ ಜಿನ್ ಅನ್ನುವ ಅಗ್ಗದ ಸಾರಾಯಿ ಬಡವರ ಓಣಿಗಳನ್ನು ತಿಂದುಹಾಕಿತ್ತು. 1736ರಲ್ಲಿ ಚಿಲ್ಲರೆ ಮಾರಾಟಕ್ಕೆ 50 ಪೌಂಡ್ ಲೈಸೆನ್ಸ್ ಅಂತ ಮಾಡಿದರು. ಅಷ್ಟು ಹಣ ಕಟ್ಟುವವರು ಯಾರು? ಲೈಸೆನ್ಸ್ ತೆಗೆದುಕೊಂಡವರು ಬೆರಳೆಣಿಕೆ, ಮಾರಾಟ ಮಾತ್ರ ಕದ್ದುಮುಚ್ಚಿ ನಡೆದೇ ಇತ್ತು. ಮಾಹಿತಿ ಕೊಟ್ಟವರಿಗೆ ಇನಾಮು ಇತ್ತು. ಆ ಚಾಡಿಕೋರರನ್ನು ಜನ ಬೀದಿಯಲ್ಲಿ ಅಟ್ಟಾಡಿಸಿ ಹೊಡೆದರು. 1743ರಲ್ಲಿ ಆ ಕಾಯ್ದೆಯನ್ನೇ ಕೈಬಿಟ್ಟರು. 1751ರಲ್ಲಿ ಬೇರೆ ದಾರಿ ಹಿಡಿದರು. ಬಟ್ಟಿ ಇಳಿಸುವ ದೊಡ್ಡ ಧಣಿಗಳು ಲೈಸೆನ್ಸ್ ಇಲ್ಲದವರಿಗೆ ಕೊಡುವ ಹಾಗಿಲ್ಲ, ತಾವೇ ಚಿಲ್ಲರೆ ಮಾರುವ ಹಾಗೂ ಇಲ್ಲ ಅಂತ ಬಿಗಿ ಮಾಡಿದರು. ಆಮೇಲೆ ಕಾಳಿನ ಬೆಲೆಯೂ ಏರಿತು. ಎರಡೂ ಸೇರಿ ಜಿನ್ ಕುಡಿತ ಇಳಿಯಿತು.

ನಮ್ಮಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಂತಿತು. ಪಾಕೀಟು ಹೋಯಿತು, ಅದರ ಜಾಗಕ್ಕೆ ಅಗ್ಗದ ವಿಸ್ಕಿ ಬಂತು. ಕಿರಾಣಿ ಅಂಗಡಿಯ ಗಲ್ಲೆಯ ಕೆಳಗಿನಿಂದ ಬಿಡಿಬಿಡಿಯಾಗಿ ಮಾರುವುದು ನಿಮಗೂ ಗೊತ್ತಿರುವ ಸಂಗತಿ. ಹಾಗಾಗಿ ಸಿಂದಗಿಯ ತಂಗಿಗೂ ನಿಮಗೂ ಒಂದೇ ಮಾತು. ಊರಿನಲ್ಲಿ ಲೈಸೆನ್ಸ್ ಇಲ್ಲದೆ ಮಾರುವವರು ಯಾರು, ಅವರಿಗೆ ತಂದುಕೊಡುವವರು ಯಾರು ಅಂತ ಮೊದಲು ಪಟ್ಟಿ ಮಾಡಿ. ಹಳೆಯ ಊರುಗಳ ಠರಾವಿನಲ್ಲಿ ಆ ಹೆಸರು ಬರುತ್ತಿರಲಿಲ್ಲ, ನಮ್ಮೂರಿನದ್ದರಲ್ಲಿ ಬರಲಿಲ್ಲ. ನಿಮ್ಮದರಲ್ಲಿ ಬರಲಿ. ಹತ್ತಾರು ಹೆಂಗಸರ ಸಹಿ ಹಾಕಿಸಿ ಅಬಕಾರಿ ಇಲಾಖೆಗೆ ಅರ್ಜಿ ಕೊಡಿ, ಸ್ವೀಕೃತಿ ಪತ್ರ ತೆಗೆದುಕೊಳ್ಳಿ.

ಧರ್ಮದ ದಾರಿಯಲ್ಲಿ ಫಲ ಕೊಟ್ಟದ್ದು ಏನು ಅಂದರೆ ನಾನು ದೂರ ಹೋಗುವುದಿಲ್ಲ. ನಿಮ್ಮ ಇಳಕಲ್ಲಿನಲ್ಲೇ ಇದೆ. ಚಿತ್ತರಗಿ ಸಂಸ್ಥಾನ ಮಠದ ಮಹಾಂತ ಸ್ವಾಮಿಗಳು 1975ರಲ್ಲಿ ಜೋಳಿಗೆ ಹಿಡಿದು ಓಣಿ ಓಣಿಗೆ ಹೊರಟರು. ಅಕ್ಕಿ ಬೇಡ, ರೊಕ್ಕ ಬೇಡ, ನಿಮ್ಮ ಕೆಟ್ಟ ಚಟ ಹಾಕಿ ಅಂದರು. ಜನ ಬೀಡಿ ಕಟ್ಟು, ಗುಟ್ಕಾ ಚೀಟಿ ಹಾಕಿದರು, ಕುಡಿಯುವುದಿಲ್ಲ ಅಂತ ಆಣೆ ಹಾಕಿದರು. 2018ರಲ್ಲಿ ತೀರಿಕೊಳ್ಳುವ ತನಕ ಅವರು ಆ ಕೆಲಸ ಬಿಡಲಿಲ್ಲ. ಅವರ ಹುಟ್ಟಿದ ದಿನ ಆಗಸ್ಟ್ 1 ಈಗ ರಾಜ್ಯದಲ್ಲಿ ವ್ಯಸನಮುಕ್ತ ದಿನ. ಆಣೆ ಮಾಡಿದವರೆಲ್ಲ ಉಳಿಸಿಕೊಂಡರಾ? ಖಂಡಿತ ಇಲ್ಲ. ಆದರೆ ಸ್ವಾಮಿಗಳು ಕುಡುಕನ ಮನೆಯ ಬಾಗಿಲಿಗೆ ಬೇಡಲು ಬಂದು ನಿಂತರು. ಅವನು ಕೊಡುವವನಾದ. ತಪ್ಪಿದವನು ನಾಚಿಕೊಳ್ಳದೆ ಮತ್ತೆ ಹೋಗಿ ಹಾಕಬಹುದು, ಜೋಳಿಗೆ ತೆರೆದೇ ಇರುತ್ತದೆ. ನಮ್ಮ ಕಾಕಾನಿಗೆ ಅಂಥದ್ದೊಂದು ಬಾಗಿಲು ಇರಲಿಲ್ಲ.

ಇನ್ನೊಂದು ಎಚ್ಚರಿಕೆ ಇದೆ. ಬಹಳ ವರ್ಷ ದಿನಾ ಕುಡಿದವನು ಒಮ್ಮೆಲೇ ನಿಲ್ಲಿಸಿದರೆ ಕೈ ನಡುಕ, ಫಿಟ್ಸ್, ಬಡಬಡಿಕೆ ಬರಬಹುದು, ಜೀವಕ್ಕೂ ಅಪಾಯ ಆಗಬಹುದು. ಆಣೆ ಹಾಕಿಸುವ ದಿನವೇ ಸರಕಾರಿ ದವಾಖಾನೆಗೂ ಕರೆದುಕೊಂಡು ಹೋಗಿ. ಬಿಟ್ಟ ಮೇಲೆ ಮೊದಲ ಕೆಲವು ವಾರ ಸಂಜೆ ಆರರಿಂದ ಒಂಬತ್ತು ಬಹಳ ಕಷ್ಟದ ಹೊತ್ತು. ಆ ಹೊತ್ತಿಗೆ ಅವನು ಹೋಗಿ ಕೂರುವ ಜಾಗ ನಿಮ್ಮೂರಲ್ಲಿ ಯಾವುದಿದೆ ಅಂತ ನೋಡಿ. ಭಜನೆ ಇದೆಯಾ? ನಿಂತುಹೋಗಿದ್ದರೆ ಶುರು ಮಾಡಿಸಿ. ತಾಳ ಇಲ್ಲದಿದ್ದರೆ ನನಗೆ ಬರೆಯಿರಿ. ಕಾಕಾನ ಜೋಡಿ ಕಂಚಿನ ತಾಳ ನನ್ನ ಹತ್ತಿರ ಇವೆ. 1964ರಿಂದ ಯಾರೂ ಬಾರಿಸಿಲ್ಲ. ಹುಣಸೆಹಣ್ಣು ಹಚ್ಚಿ ತಿಕ್ಕಿ ಕಳಿಸುತ್ತೇನೆ.